ಪಡಸಾಲೆಗೆ ಕೇಳದ ಮಾತು

ನನ್ನ ಪೆಟ್ಟಿಗೆಗೆ ದೆವ್ವ ಮೆಟ್ಟಿಕೊಂಡಿದೆ ಎಂದು ಫೋನು ಮಾಡಿದವರಲ್ಲಿ ಬಜಾರಪ್ಪ ಮೊದಲಿಗನೇನಲ್ಲ. ಆದೋನಿಯಲ್ಲಿ ಅಪ್ಪನ ಹತ್ತಿ ಗೋದಾಮಿನ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರು ಮಾಡುತ್ತಿದ್ದೇನೆ. ಅಂಗೈಯಗಲದ ಬೋರ್ಡು, ಅದರ ಮೇಲೊಂದು ಸಣ್ಣ ಚಿಪ್, ಪಕ್ಕದಲ್ಲಿ ಒಂದು ಸಿಮ್ಮು. ರೈತ ಮನೆಯಲ್ಲೇ ಕೂತು ಆ ಸಿಮ್ಮಿಗೆ ರಿಂಗ್ ಕೊಟ್ಟರೆ ಹೊಲದಲ್ಲಿ ಮೋಟರು ಶುರುವಾಗುತ್ತದೆ. ಆನ್ ಎಂದು ಮೆಸೇಜು ಹಾಕಿದರೂ ಆದೀತು. ಚಿಪ್ಪಿಗೆ ಬುದ್ಧಿ ಹೇಳುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವವಳೂ ನಾನೇ. ಪೆಟ್ಟಿಗೆಯೊಳಗೆ ಹಲ್ಲಿ ಸತ್ತರೂ ಜನ ದೆವ್ವ ಅನ್ನುತ್ತಾರೆ, ಇರುವೆ ಗೂಡು ಕಟ್ಟಿದರೂ ದೆವ್ವ. ಹಿಡಿಯುವುದಿದ್ದರೆ ನಿಮ್ಮನ್ನು ಹಿಡಿಯಲಿ, ನನ್ನ ಬೋರ್ಡಿನ ತಂಟೆಗೆ ಬರಬೇಡವೆಂದು ಅದಕ್ಕೆ ಹೇಳಿ ಎಂದು ಬೈದು ಫೋನಿಡುತ್ತೇನೆ. ಶೋಭಾರಾಣಿಯ ಬಾಯಿಗೆ ಹೆದರಿಯೇ ಗಂಡುಗಳು ಬರಲಿಲ್ಲ ಎಂದು ನಮ್ಮ ಓಣಿಯಲ್ಲಿ ಮಾತಿದೆ. ಇರಲಿ, ನಷ್ಟ ಅವರದು.

ಬಜಾರಪ್ಪನ ವಿಷಯ ಬೇರೆ. ನಂದವರಂ ಕಡೆಯ ಹೊಳೆದಂಡೆ ಊರುಗಳಲ್ಲಿ ನನ್ನ ಪೆಟ್ಟಿಗೆಗಳನ್ನು ಕೂರಿಸುವ ವೈರಿಂಗ್ ಕೆಲಸದವನು ಅವನು. ಅಮಾವಾಸ್ಯೆಯ ದಿನ ಸುಡುಗಾಡಿನ ಪಕ್ಕದ ಕಂಬ ಹತ್ತೆಂದರೂ ಹತ್ತಿ ಇಳಿಯುವ ಗಟ್ಟಿ ಮನುಷ್ಯ. ಆ ಮನುಷ್ಯ ಹಾಡುಹಗಲಲ್ಲಿ ಫೋನಿನಲ್ಲಿ ಪಿಸುಗುಡುತ್ತಿದ್ದ.

"ಅಕ್ಕಾ, ನಾಗಲದಿನ್ನಿ ತಿಪ್ಪೇಶನ ಮೋಟರ್ ತಾನಾ ಶುರು ಆಗಾಕತ್ತೈತಿ. ಆಟೋ ಸ್ವಿಚ್ ಆಫ್ ಐತಿ. ಸಿಮ್ಮಿಗೆ ರೀಚಾರ್ಜ್ ಇಲ್ಲ, ಯಾರ ಫೋನೂ ಹೋಗಂಗಿಲ್ಲ. ನಿಜಂಗಾ ಹೇಳ್ತೀನಿ, ನನಗ ಅದರಾಗ ಕೈ ಹಾಕಾಕ ಧೈರ್ಯ ಆಗವಲ್ದು."

ತಿಪ್ಪೇಶನ ಹೆಸರು ನನಗೆ ನೆನಪಿತ್ತು. ಹದಿನಾಲ್ಕು ತಿಂಗಳ ಹಿಂದೆ ಅವನು ಹೊಳೆದಂಡೆಯ ಬಾವಿಗೆ ಇಳಿದಿದ್ದ. ನೀರಿನೊಳಗಿನ ಮೋಟರಿಗೆ ಸುತ್ತಿಕೊಂಡ ಜೊಂಡು ಬಿಡಿಸುತ್ತಿರುವಾಗ ಕರೆಂಟು ಬಂತು, ಮೋಟರು ಶುರುವಾಯಿತು, ಸಿಪ್ಪೆ ಸುಲಿದಿದ್ದ ಕೇಬಲ್ಲಿನಿಂದ ನೀರಿಗೆಲ್ಲ ವಿದ್ಯುತ್ತು ಹರಿದು ಅವನು ಅಲ್ಲೇ ಸತ್ತ. ಆವತ್ತೂ ಸುದ್ದಿ ಹೇಳಿದವನು ಬಜಾರಪ್ಪನೇ. ಫ್ಯೂಸ್ ಕೀಳದೆ ನೀರಿಗಿಳಿದರೆ ಇನ್ನೇನಾಗುತ್ತದೆ ಎಂದು ನಾನು ಅವನ ಮೇಲೆ ಹರಿಹಾಯ್ದಿದ್ದೆ. ನಾನು ಹೇಳಿದ್ದು ಸರಿಯೇ ಇತ್ತು, ಸರಿಯಾದದ್ದನ್ನು ಹೇಳುವುದರಲ್ಲಿ ನನಗೆ ಸಂಕೋಚವೂ ಇರಲಿಲ್ಲ.

ಮರುದಿನ ಎಮ್ಮಿಗನೂರಿನ ತನಕ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಬಜಾರಪ್ಪನ ಬೈಕು ಹತ್ತಿದೆ. ದಾರಿಯುದ್ದಕ್ಕೂ ಅವನು ಊರಿನ ಮಾತು ಹೇಳಿದ. ಆ ಸಾವಿನ ನಂತರ ಫ್ಯೂಸ್ ಕಿತ್ತು ಹೊಲವನ್ನು ಒಂದು ವರ್ಷ ಬೀಳುಬಿಟ್ಟಿದ್ದರು. ಈ ಸಲ ತಿಪ್ಪೇಶನ ತಾಯಿ ಉಚ್ಚಮ್ಮ ಭತ್ತ ನಾಟಿ ಮಾಡಿಸಿ, ಹೊಸ ಕೇಬಲ್ ಹಾಕಿಸಿ ಮೋಟರು ಜೋಡಿಸಿದಳು. ಮೊದಲ ದಿನವೇ ಯಾರೂ ಮುಟ್ಟದೆ ಅದು ಓಡಿತು. ಅಂದಿನಿಂದ ಮೂರು ವಾರ, ದಿನಾ ಹಾಗೇ.

ಊರಿನವರು ಇದಕ್ಕೊಂದು ಅರ್ಥ ಕಂಡುಕೊಂಡಿದ್ದರು. ಸತ್ತವರು ಆಸೆಪಟ್ಟು ಬಳಸಿದ ಸಾಮಾನನ್ನು ಜತೆಗಿಟ್ಟು ಮಣ್ಣು ಮಾಡುವುದು ಆ ಮನೆಯ ಪದ್ಧತಿಯಂತೆ. ತಿಪ್ಪೇಶನ ತಂದೆಯ ಜತೆ ಕುರಿ ಉಣ್ಣೆಯ ಕತ್ತರಿ ಹೋಗಿತ್ತು. ತಿಪ್ಪೇಶನ ಜತೆ ಅವನ ಕೀಪ್ಯಾಡ್ ಫೋನು. ಮಣ್ಣೊಳಗಿಂದ ಅವನೇ ರಿಂಗ್ ಕೊಡುತ್ತಾನೆ ಎಂದು ಊರು ನಂಬಿತ್ತು. ಬ್ಯಾಟರಿ ಸತ್ತು ಒಂದು ವರ್ಷವಾಗಿರುತ್ತದೆ ಕಣೋ ಎಂದೆ. ನಾನೂ ಅದನ್ನೇ ಹೇಳಿದೆ, ಯಾರೂ ಕೇಳಲಿಲ್ಲ ಎಂದ ಬಜಾರಪ್ಪ.

ಇನ್ನೊಂದು ಮಾತನ್ನು ಅವನು ಬೈಕು ನಿಲ್ಲಿಸಿ ಹೇಳಿದ. ಆ ದಿನ ಮೋಟರು ಶುರು ಮಾಡಿದವಳು ತಿಪ್ಪೇಶನ ಹೆಂಡತಿ ನಾಗಜ್ಯೋತಿಯೇ ಎಂದು ಮನೆಯವರ ನಂಬಿಕೆ. ದಿನಾ ಮನೆಯಿಂದ ರಿಂಗ್ ಕೊಡುತ್ತಿದ್ದವಳು ಅವಳೇ ತಾನೇ. ಉಚ್ಚಮ್ಮ ಅವಳನ್ನು ಬೈದಿಲ್ಲ, ಮನೆ ಬಿಟ್ಟು ಹೋಗು ಎಂದಿಲ್ಲ. ಸೊಸೆಯ ಕೈಯ ನೀರು ಕುಡಿಯುವುದನ್ನಷ್ಟೇ ಬಿಟ್ಟಿದ್ದಾಳೆ. ಹದಿನಾಲ್ಕು ತಿಂಗಳಿಂದ ತನ್ನ ನೀರನ್ನು ತಾನೇ ಬಗ್ಗಿಸಿಕೊಳ್ಳುತ್ತಾಳೆ.

ನಾವು ಹೊಳೆದಂಡೆ ತಲುಪಿದಾಗ ಹತ್ತೂ ಮುಕ್ಕಾಲು. ಆ ಕಡೆ ಹೊಲಗಳಿಗೆ ತ್ರೀಫೇಸ್ ಕರೆಂಟು ಬರುವುದು ಹನ್ನೊಂದರ ಮೇಲೆ. ಬಿಸಿಲು ಚುರುಗುಟ್ಟುತ್ತಿತ್ತು. ಬಾವಿಯ ಮೇಲುಗಡೆ ಕಲ್ಲುಕಂಬಕ್ಕೆ ನನ್ನ ಪೆಟ್ಟಿಗೆ ತೂಗುತ್ತಿತ್ತು, ಅದರ ಮೇಲೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಪೈಪಿನ ಬಾಯಿಯ ಹತ್ತಿರ ಉಚ್ಚಮ್ಮ ಕೂತಿದ್ದಳು. ಅವಳ ಮುಂದೆ ಒಂದು ತಟ್ಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ನಾಗಜ್ಯೋತಿ ದೂರದ ಬೇವಿನ ಮರದಡಿ ನಮಗೆ ಬೆನ್ನು ಮಾಡಿ ನಿಂತಿದ್ದಳು.

ನಾನು ಎಲ್ಲರ ಫೋನುಗಳನ್ನು ಇಸಿದುಕೊಂಡು ನನ್ನ ಚೀಲಕ್ಕೆ ಹಾಕಿ ಬಾಯಿ ಬಿಗಿದೆ. ಕರೆಂಟು ಬಂದ ಕೂಡಲೇ ತಾನಾಗಿ ಮೋಟರು ಹಾಕುವ ಆಟೋ ಸ್ವಿಚ್ಚನ್ನು ಕೈಯಿಂದ ಮುಟ್ಟಿ ನೋಡಿದೆ, ಆಫ್ ಇತ್ತು. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು ನಿಂತೆ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಒದ್ದೆ ಬಟ್ಟೆಗಳನ್ನು ಹಿಂಡದೆ ಬುಟ್ಟಿಗೆ ತುಂಬಿಕೊಂಡು ಎದ್ದು ಹೋದರು. ನಾಗಜ್ಯೋತಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಕರೆಂಟು ಬಂದಿತ್ತು. ಒಂದು ನಿಮಿಷ ಏನೂ ಆಗಲಿಲ್ಲ. ನನಗೆ ಬಯ್ಯಲು ಬಾಯಿ ತೆರೆಯುವಷ್ಟು ಸಮಾಧಾನವಾಗಿತ್ತು. ಆಗ ಒಳಗಿನಿಂದ ಟಕ್ ಎಂದಿತು. ಬಾವಿಯ ಆಳದಲ್ಲಿ ಮೋಟರು ಗುಂಯ್‌ಗುಟ್ಟಿತು, ಪೈಪು ಎರಡು ಸಲ ಕೆಮ್ಮಿ ನೀರು ಸುರಿಯಿತು.

"ಬಂದ," ಎಂದಳು ಉಚ್ಚಮ್ಮ, ಮಗ ಸಂತೆಯಿಂದ ಬಂದನೆನ್ನುವಷ್ಟು ಸಹಜವಾಗಿ. ತಟ್ಟೆಯನ್ನು ನೀರಿನ ಹತ್ತಿರಕ್ಕೆ ಸರಿಸಿದಳು.

ನನ್ನ ಮೈಮೇಲೆ ಮುಳ್ಳೆದ್ದವು. ಇಂಥದ್ದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ, ಆದರೂ ನಿಜ ಹೇಳುತ್ತೇನೆ: ಆ ಪೆಟ್ಟಿಗೆಯ ಒಂದೊಂದು ಬೆಸುಗೆಯನ್ನೂ ನಾನೇ ಹಾಕಿದ್ದೆ, ಆದರೂ ಅದರ ಹತ್ತಿರ ಹೋಗಲು ಹೆದರಿದೆ.

ಫ್ಯೂಸ್ ಕೀಳಿಸಿ ಪೆಟ್ಟಿಗೆಯನ್ನು ಬಿಚ್ಚಿಕೊಂಡೆ. ಉಚ್ಚಮ್ಮ ತಡೆಯಲಿಲ್ಲ, ತಿರುಗಿ ತರಬೇಕು ಎಂದು ಮಾತು ತೆಗೆದುಕೊಂಡಳು. ಬೈಕಿನ ತನಕ ನಾಗಜ್ಯೋತಿ ಹಿಂದೆ ಬಂದಳು. ಮೂವತ್ತು ದಾಟದ ಹುಡುಗಿ, ಕಣ್ಣಿನ ಸುತ್ತ ಮಾತ್ರ ಮುದುಕಿ.

"ಅಕ್ಕಾರ, ಆ ದಿನ ನಾ ರಿಂಗ್ ಕೊಟ್ಟೆನೋ ಇಲ್ಲೋ, ಈ ಡಬ್ಬಿಗೆ ನೆನಪಿರತೈತೇನ್ರಿ?"

ಅವಳಿಗೇ ನೆನಪಿರಲಿಲ್ಲ. ಕರೆಂಟು ಬಂದ ಕೂಡಲೇ ನನ್ನ ಪೆಟ್ಟಿಗೆ ಮನೆಗೊಂದು ಮಿಸ್ಡ್ ಕಾಲ್ ಕೊಡುತ್ತದೆ. ಅದನ್ನು ನೋಡಿ ಅವಳು ತಿರುಗಿ ರಿಂಗ್ ಕೊಡುವುದು ದಿನದ ರೂಢಿ. ಆ ದಿನ ರೊಟ್ಟಿ ಬಡಿಯುತ್ತಿದ್ದಳು. ಫೋನು ಎರಡು ಸಲ ಸದ್ದು ಮಾಡಿದ್ದು ಗೊತ್ತು, ಮೊದಲನೆಯದು ಗಂಡನದು, ಎತ್ತಲಾಗಲಿಲ್ಲ. ಎರಡನೆಯದು ಮೋಟರಿನದು. ಆಮೇಲೆ ನೋಡಿದರೆ ಫೋನಿನ ಮೇಲೆ ಜೋಳದ ಹಿಟ್ಟಿತ್ತು. ಮುಟ್ಟಿದ್ದಂತೂ ಖರೆ, ಒತ್ತಿದೆನೋ ಬರೀ ನೋಡಿದೆನೋ ತಿಳಿಯದು ಎಂದಳು. ಅವಳ ಸಣ್ಣ ಫೋನಿನಲ್ಲಿ ಇಪ್ಪತ್ತು ಕರೆಗಳಿಗಷ್ಟೇ ಜಾಗ, ಸಂಜೆಯೊಳಗೆ ಸಾವಿನ ಸುದ್ದಿ ಕೇಳುವವರ ಕರೆಗಳೇ ಅದನ್ನು ತುಂಬಿಬಿಟ್ಟವು. ಅತ್ತೆಯ ಮುಂದೆ ಆಣೆ ಮಾಡಲು ಹೋದರೆ ನಾಲಿಗೆ ಏಳುವುದಿಲ್ಲವಂತೆ. ಕರೆಗಳ ಲೆಕ್ಕವನ್ನು ಪೆಟ್ಟಿಗೆ ಇಡುವುದಿಲ್ಲ ಎಂದು ಹೇಳಬೇಕಾದ್ದನ್ನು ಹೇಳದೆ, ನೋಡುತ್ತೇನೆ ಎಂದಷ್ಟೇ ಅಂದೆ.

ಆದೋನಿಗೆ ಬಂದು ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. ಮೋಟರಿನ ಜಾಗದಲ್ಲಿ ಒಂದು ಬಲ್ಬು ಕಟ್ಟಿದೆ. ಸ್ವಿಚ್ ಹಾಕಿದೆ. ಒಂದು ನಿಮಿಷ, ಟಕ್, ಬಲ್ಬು ಹತ್ತಿತು. ಮೋಟರಿಗೆ ಕರೆಂಟು ಬಿಡುವ ರಿಲೇ ಅಂಟಿಕೊಂಡಿದೆಯೆಂದು ಬದಲಿಸಿದೆ. ಮತ್ತೆ ಹತ್ತಿತು. ಸಿಮ್ಮು ತೆಗೆದೆ, ಹತ್ತಲಿಲ್ಲ. ಸಿಮ್ಮು ಹಾಕಿದೆ, ಹತ್ತಿತು. ನೆಟ್‌ವರ್ಕಿನಿಂದ ಕಡಿದುಹೋಗಿ ತಿಂಗಳುಗಳಾದ ಸಿಮ್ಮು. ಹೊರಗಿನಿಂದ ಯಾರೂ ಅದನ್ನು ಕರೆಯಲಾರರು. ಆದರೂ ಯಾರೋ ಅದಕ್ಕೆ ಹೇಳುತ್ತಿದ್ದರು.

ಹೊರಗಿನಿಂದಲ್ಲದಿದ್ದರೆ ಒಳಗಿನಿಂದ. ಪ್ರೋಗ್ರಾಮಿನ ಒಂದೊಂದು ಹಂತದಲ್ಲೂ ಏನು ನಡೆಯುತ್ತಿದೆ ಎಂದು ಲ್ಯಾಪ್‌ಟಾಪಿನ ಪರದೆಗೆ ಬರೆಯುವಂತೆ ಸಾಲುಗಳನ್ನು ಸೇರಿಸಿದೆ. ಮತ್ತೆ ಸ್ವಿಚ್ ಹಾಕಿದೆ. ಕರೆಂಟಿಲ್ಲದಾಗ ಬಂದ ಮೆಸೇಜು ತಪ್ಪಬಾರದೆಂದು ನನ್ನ ಚಿಪ್ ಎದ್ದ ಕೂಡಲೇ ಸಿಮ್ಮಿನಲ್ಲಿ ಏನಾದರೂ ಕೂತಿದೆಯೇ ಎಂದು ಮೊದಲು ನೋಡುತ್ತದೆ. ಒಂದು ಕೂತಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದ ನಮ್ಮ ಮಾತು ಪರದೆಯ ಮೇಲೆ ಮೂಡಿತು.

ಜ್ಯೋತಿ ಬಾವ್ಯಾಗ ಇಳಿತೀನಿ ಕರೆಂಟ್ ಬಂದ್ರ ಆನ್ ಮಾಡಬ್ಯಾಡ.

ಕೆಳಗೆ ತಾರೀಖು, ವೇಳೆ. ತಿಪ್ಪೇಶ ಸತ್ತ ದಿನ, ಬೆಳಿಗ್ಗೆ ಹನ್ನೊಂದು ಗಂಟೆ ಎರಡು ನಿಮಿಷ.

ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ರಸ್ತೆಯಲ್ಲಿ ಹತ್ತಿ ಅಂಡಿಗೆ ಹೇರಿದ ಲಾರಿ ಹೋಗುತ್ತಿತ್ತು, ಜನ ಓಡಾಡುತ್ತಿದ್ದರು. ನನ್ನ ಬೆನ್ನಿಗೆ ಸತ್ತವನೊಬ್ಬ ಬೇಡ ಬೇಡ ಎನ್ನುತ್ತಿದ್ದ, ಬಲ್ಬು ಉರಿಯುತ್ತಲೇ ಇತ್ತು.

ಬಜಾರಪ್ಪನಿಗೆ ಫೋನು ಹಚ್ಚಿದೆ. ಹೆಂಡತಿಗೆ ಬರೆದದ್ದು ಮೋಟರಿಗೆ ಹೇಗೆ ಬಂತೆಂದು ಅವನಿಗೆ ಕ್ಷಣದಲ್ಲೇ ಹೊಳೆಯಿತು. ಆ ಸೀಮೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಫೋನಿನಲ್ಲೂ ಹೆಸರು ಹಾಕಿಕೊಳ್ಳುವುದಿಲ್ಲ, ಮನಿ ಎಂದು ಹಾಕಿಕೊಳ್ಳುತ್ತಾರೆ. ಪೆಟ್ಟಿಗೆ ಕೂರಿಸಿದ ದಿನ ಅದರ ನಂಬರನ್ನು ಬಜಾರಪ್ಪನೇ ತಿಪ್ಪೇಶನ ಫೋನಿಗೆ ಹಾಕಿಕೊಟ್ಟಿದ್ದ, ಮನಿ ಮೋಟರ್ ಎಂದು. ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು. ಹೆಂಡತಿ ಫೋನೆತ್ತದಿದ್ದಾಗ ಅವಸರದಲ್ಲಿ ಮೆಸೇಜು ಹಾಕಿದ ತಿಪ್ಪೇಶನ ಬೆರಳು ಒಂದು ಸಾಲು ಕೆಳಗೆ ಇಳಿದಿತ್ತು.

ಅಷ್ಟಾದರೂ ಆಗಬಾರದ್ದು ಆಗಬೇಕಿರಲಿಲ್ಲ. ಏಕೆಂದರೆ ಇಂಥ ಮೆಸೇಜು ಬಂದರೆ ಏನು ಮಾಡಬೇಕೆಂದು ನಾನು ಮೊದಲೇ ಯೋಚಿಸಿದ್ದೆ. ಮೆಸೇಜಿನಲ್ಲಿ ಆನ್ ಎಂಬ ಮಾತೊಂದೇ ಇದ್ದರೆ ಅಪ್ಪಣೆ; ಬೇರೆ ಮಾತೂ ಇದ್ದರೆ ಅದು ಅಪ್ಪಣೆಯಲ್ಲ, ಅಳಿಸದೆ ತೆಗೆದಿಡು, ಮೋಟರು ಮುಟ್ಟಬೇಡ. ಹಾಗೆಂದು ಬರೆದದ್ದು ನನಗೆ ಚೆನ್ನಾಗಿ ನೆನಪಿತ್ತು. ತೆರೆದು ನೋಡಿದರೆ ಬರೆದೂ ಇದ್ದೆ.

ನನ್ನ ಪ್ರೋಗ್ರಾಮಿನಲ್ಲಿ ಹೆಸರುಗಳೆಲ್ಲ ನಮ್ಮ ಮಾತಿನವೇ. ಒಂದು ಹೆಸರು ಸರಿ. ಸರಿ ಒಂದಾಗಿದ್ದರೆ ಮೋಟರು ಓಡಲಿ, ಸೊನ್ನೆಯಾಗಿದ್ದರೆ ಬೇಡ. ಪರದೆಯ ಮೇಲೆ ಎರಡು ಸಾಲು ಬಂದಿದ್ದವು. ಬ್ರಾಕೆಟ್ಟಿನ ಒಳಗೆ: ಸರಿ ಸೊನ್ನೆ. ಬ್ರಾಕೆಟ್ಟು ದಾಟಿದ ಕೂಡಲೇ: ಸರಿ ಒಂದು. ನಡುವೆ ಅದನ್ನು ಬದಲಿಸುವ ಸಾಲೇ ಇರಲಿಲ್ಲ. ಕಣ್ಣುಜ್ಜಿಕೊಂಡು ಮೂರು ಸಲ ಓದಿದೆ.

ನಾಲ್ಕನೆಯ ಸಲ ಕಂಡಿತು. ಬ್ರಾಕೆಟ್ಟಿನ ಒಳಗೆ ಸರಿಯನ್ನು ಸೊನ್ನೆ ಮಾಡುವಾಗ ಅದರ ಹಿಂದೆ ಮತ್ತೊಮ್ಮೆ ಇಂಟ್ ಎಂದು ಬರೆದಿದ್ದೆ. ಸಿ ಭಾಷೆಯಲ್ಲಿ ಒಂದು ಜೋಡಿ ಬ್ರಾಕೆಟ್ಟು ಎಂದರೆ ಒಂದು ಕೋಣೆ. ಒಳಗೆ ಹೋಗಿ ಇಂಟ್ ಎಂದು ಬರೆದರೆ ಅದೇ ಹೆಸರಿನ ಹೊಸಬನೊಬ್ಬ ಆ ಕೋಣೆಯಲ್ಲಿ ಹುಟ್ಟುತ್ತಾನೆ. ಕೋಣೆ ದಾಟುವಷ್ಟರಲ್ಲಿ ಸಾಯುತ್ತಾನೆ. ಹೊರಗಿನವನಿಗೆ ಅವನ ಸುದ್ದಿಯೇ ಇಲ್ಲ. ಒಳಮನೆಯಲ್ಲಿ ಬೇಡ ಎಂದು ಕೂಗಿದ್ದು ಪಡಸಾಲೆಗೆ ಕೇಳಿಸಿರಲಿಲ್ಲ, ಪಡಸಾಲೆಯವನು ಮೆಸೇಜಿನಲ್ಲಿ ಆನ್ ಎಂಬ ಎರಡಕ್ಷರ ಕಂಡು ಮೋಟರು ಹಾಕಿದ್ದ. ತೆಗೆದಿಡು ಎಂಬ ಕೆಲಸ ಒಳಮನೆಯಲ್ಲೇ ಮುಗಿದಿದ್ದರಿಂದ ಮೆಸೇಜು ಸಿಮ್ಮಿನಲ್ಲೇ ಉಳಿಯಿತು. ಅದಕ್ಕೇ ಕರೆಂಟು ಬಂದಾಗಲೆಲ್ಲ ಆ ಬೆಳಗು ಮತ್ತೆ ಮೊದಲಿನಿಂದ ನಡೆಯುತ್ತಿತ್ತು. ಇಂಥ ಎಡವಟ್ಟು ಕಂಡರೆ ಎಚ್ಚರಿಸುವ ಸೌಕರ್ಯ, ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿನಲ್ಲಿ ಇದೆ. ಅದರ ಕಿರಿಕಿರಿ ತಾಳದೆ ನಾನೇ ಅದನ್ನು ಬಾಯಿ ಮುಚ್ಚಿಸಿದ್ದೆ.

ಇಂಗ್ಲಿಷಿನ ಮೂರು ಅಕ್ಷರ. ಅಳಿಸಿದೆ, ಚಿಪ್ಪಿಗೆ ತುಂಬಿದೆ, ಸ್ವಿಚ್ ಹಾಕಿದೆ. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು, ಬಲ್ಬು ಹತ್ತಲಿಲ್ಲ.

ಆಗ ನನಗೆ ಬಂದ ಮೊದಲ ಯೋಚನೆ ಏನೆಂದು ಮುಚ್ಚಿಡುವುದಿಲ್ಲ. ರಿಲೇ ಅಂಟಿಕೊಂಡಿತ್ತು, ಬದಲಿಸಿದ್ದೇನೆ ಎಂದರೆ ಮುಗಿಯಿತು. ಈ ಜಿಲ್ಲೆಯಲ್ಲಿ ನನ್ನ ಪ್ರೋಗ್ರಾಮು ಓದಬಲ್ಲವರು ಯಾರಿದ್ದಾರೆ? ಅರ್ಧ ಗಂಟೆ ಆ ಯೋಚನೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಫೋನಿನ ಮೇಲಿನ ಜೋಳದ ಹಿಟ್ಟು ಕಣ್ಣಿಗೆ ಕಟ್ಟಿ ಬಿಡಲಿಲ್ಲ. ಪೆಟ್ಟಿಗೆ ಎದ್ದ ಕೂಡಲೇ ಮೊದಲು ಮೆಸೇಜು ನೋಡುತ್ತದೆ, ಅದಾದ ಮೇಲೆ ಮನೆಗೆ ಮಿಸ್ಡ್ ಕಾಲ್ ಕೊಡುತ್ತದೆ. ಅಂದರೆ ನಾಗಜ್ಯೋತಿಯ ಫೋನು ಸದ್ದು ಮಾಡುವ ಹೊತ್ತಿಗೆ ಮೋಟರು ಓಡುತ್ತಿತ್ತು. ಅವಳು ಒತ್ತಿದ್ದರೂ ಒತ್ತದಿದ್ದರೂ ಒಂದೇ. ಇದು ಗೊತ್ತಿದ್ದವಳು ಜಗತ್ತಿನಲ್ಲಿ ನಾನೊಬ್ಬಳೇ.

ಅದೇ ಪ್ರೋಗ್ರಾಮಿನ ನೂರಾ ಹನ್ನೆರಡು ಪೆಟ್ಟಿಗೆಗಳು ಮಾಧವರದಿಂದ ಚಿಪ್ಪಗಿರಿಯ ತನಕ ಕಂಬಗಳಿಗೆ ತೂಗುತ್ತಿದ್ದವು. ಎರಡು ದಿನ ಕೂತು ಒಬ್ಬೊಬ್ಬರಿಗೂ ಫೋನು ಮಾಡಿ, ನಾನು ಬರುವ ತನಕ ಪೆಟ್ಟಿಗೆ ಬಿಚ್ಚಿಡಿ, ತಪ್ಪು ನನ್ನದು ಎಂದೆ. ನನ್ನ ಬಾಯಲ್ಲಿ ಆ ಮಾತು ಕೇಳಿ ಕೆಲವರು ನಕ್ಕರು.

ಮೂರನೆಯ ದಿನ ನಾಗಲದಿನ್ನಿಗೆ ಹೋದೆವು. ಬಜಾರಪ್ಪ ಹೊಸ ಸಿಮ್ಮು ಹಾಕಿ ಪೆಟ್ಟಿಗೆಯನ್ನು ಕಂಬಕ್ಕೆ ಕಟ್ಟಲು ಹೊಳೆಯ ಕಡೆ ಹೋದ. ನಾನು ಮನೆಗೆ ಹೋಗಿ ಪಡಸಾಲೆಯಲ್ಲಿ ಕೂತೆ. ಉಚ್ಚಮ್ಮ ಗೋಡೆಗೊರಗಿದ್ದಳು. ನಾಗಜ್ಯೋತಿ ಹೊಸ್ತಿಲ ಒಳಗೆ ನಿಂತಿದ್ದಳು. ಹಳೆಯ ಸಿಮ್ಮನ್ನು ಅವಳ ಫೋನಿನ ಖಾಲಿ ಜಾಗಕ್ಕೆ ಹಾಕಿ, ಮೆಸೇಜು ತೆರೆದು ಅವಳ ಕೈಗೆ ಕೊಟ್ಟೆ.

ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೊದಲ ಮಾತಿನಲ್ಲೇ ನಿಂತಳು.

"ನನ್ನ ಹೆಸರು ಬರದಾರ," ಎಂದಳು.

ಎಂಟು ವರ್ಷದ ಸಂಸಾರದಲ್ಲಿ ತಿಪ್ಪೇಶ ಒಂದು ಸಲವೂ ಆ ಹೆಸರು ಹಿಡಿದು ಕರೆದಿರಲಿಲ್ಲವಂತೆ. ಪೂರ್ತಿ ಓದಿ ಮುಗಿಸಿದ ಮೇಲೆ ಅವಳು ಹೊಸ್ತಿಲ ಒಳಗೇ ನೆಲದ ಮೇಲೆ ಕೂತಳು. ಉಚ್ಚಮ್ಮ ಓದು ಬಲ್ಲವಳಲ್ಲ, ಸೊಸೆಯ ಬಾಯಿಂದಲೇ ಎರಡು ಸಲ ಹೇಳಿಸಿಕೊಂಡಳು. ಮಿಸ್ಡ್ ಕಾಲಿಗಿಂತ ಮೊದಲೇ ಮೋಟರು ಓಡಿತ್ತು, ನಾಗಜ್ಯೋತಿಯ ಕೈ ಅದರಲ್ಲಿಲ್ಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಇಂಟ್, ಬ್ರಾಕೆಟ್ಟು ಎಂದೆಲ್ಲ ಹೇಳಲಿಲ್ಲ. ಒಳಮನೆ, ಪಡಸಾಲೆ ಎಂದೇ ಹೇಳಿದೆ. ಮುದುಕಿ ರೆಪ್ಪೆ ಹೊಡೆಯದೆ ಕೇಳಿದಳು.

"ಹಂಗಾರ ದಿನಾ ಬರತಿದ್ದಾವ ನನ್ನ ಮಗ ಅಲ್ಲ."

"ಅವರ ಮಾತ ಬರತಿತ್ತಮ್ಮ. ಬ್ಯಾಡ ಅಂದಿದ್ರು. ನಾ ಮಾಡಿದ ಡಬ್ಬಿ ಅದನ್ನ ಕೇಳಲಿಲ್ಲ. ತಪ್ಪು ನಂದು."

ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ತಯಾರಾಗಿ ಬಂದಿದ್ದೆ. ಬಿಸಿಲಲ್ಲಿ ಬಂದವಳಿಗೆ ಕುಡಿಯಲು ನೀರನ್ನೂ ಯಾರೂ ಕೊಟ್ಟಿರಲಿಲ್ಲ. ಆಗ ನಾಗಜ್ಯೋತಿಯ ಕೈಯಲ್ಲಿದ್ದ ಫೋನು ಒಂದು ಸಲ ಸದ್ದು ಮಾಡಿ ನಿಂತಿತು. ಮೂವರೂ ಅದನ್ನು ನೋಡಿದೆವು. ಹೊಳೆದಂಡೆಗೆ ಕರೆಂಟು ಬಂದಿತ್ತು, ನನ್ನ ಪೆಟ್ಟಿಗೆ ಮಿಸ್ಡ್ ಕಾಲ್ ಕೊಟ್ಟು ಅಪ್ಪಣೆಗೆ ಕಾಯುತ್ತಿತ್ತು. ನಾಗಜ್ಯೋತಿ ಒತ್ತಲಿಲ್ಲ. ಉಚ್ಚಮ್ಮ ಹೊಳೆಯ ಕಡೆಗೆ ಕಿವಿಯಿಟ್ಟಳು. ಆ ಮನೆಗೆ ಮೋಟರಿನ ಸದ್ದು ಕೇಳಿಸುತ್ತದೆ ಎಂದು ಬಜಾರಪ್ಪ ಹೇಳಿದ್ದ. ಒಂದು ನಿಮಿಷ ಹೋಯಿತು, ಇನ್ನೊಂದು ಹೋಯಿತು. ಏನೂ ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ಮುಚ್ಚಿಟ್ಟಿದ್ದ ಎರಡು ರೊಟ್ಟಿಯ ತಟ್ಟೆ ಅಲ್ಲಿಂದಲೇ ನನಗೆ ಕಾಣುತ್ತಿತ್ತು. ಇವತ್ತಿನದನ್ನು ಇನ್ನೂ ಹೊಳೆಗೆ ಒಯ್ದಿರಲಿಲ್ಲ.

"ಜ್ಯೋತಿ," ಎಂದಳು ಉಚ್ಚಮ್ಮ, "ನೀರು ತಾ."

ನಾಗಜ್ಯೋತಿ ಎದ್ದಳು. ಕೊಡದ ಬಾಯಿಗೆ ಚೊಂಬು ತಾಗುವ ಸದ್ದು ಎರಡು ಮೂರು ಸಲ ಕೇಳಿತು. ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ನಿಂತಳು. ಉಚ್ಚಮ್ಮ ಇಸಿದುಕೊಂಡು ತಲೆಯೆತ್ತಿ ಗಟಗಟ ಕುಡಿದ ರಭಸಕ್ಕೆ ನೀರು ಕೊರಳಿಂದಿಳಿದು ಕುಪ್ಪಸ ತೊಯ್ಯಿತು. ಕೊನೆಯ ಹನಿಯ ತನಕ ಕುಡಿದಳು.

ಆಮೇಲೆ ನನ್ನ ಮುಖವನ್ನೇ ನೋಡುತ್ತ ಆ ಚೊಂಬನ್ನು ನನ್ನ ಮುಂದೆ ಬೋರಲು ಹಾಕಿದಳು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.